ಐದು ಅಡಿ ಕಲ್ಲಿದ್ದಲು

ಹೋದ ತಿಂಗಳು ನಾನು ಬರೆದ ಪತ್ರವೊಂದು ನನಗೇ ಮರಳಿ ಬಂತು. ಲಕೋಟೆ ಒಡೆದಿರಲಿಲ್ಲ. ಅದನ್ನು ಇನ್ನೊಂದು ದೊಡ್ಡ ಲಕೋಟೆಯೊಳಗಿಟ್ಟು, ಜೊತೆಗೊಂದು ಚೀಟಿ ಸೇರಿಸಿ, ಅದು ಯಾರಿಗೆ ಹೋಗಬೇಕಿತ್ತೋ ಅವರ ಹೆಂಡತಿ ಕಳಿಸಿದ್ದರು. ಯಜಮಾನರು ತೀರಿಕೊಂಡು ಎರಡು ತಿಂಗಳಾಯಿತೆಂದೂ, ಅವರ ಹೆಸರಿಗೆ ಬಂದ ಖಾಸಗಿ ಪತ್ರವನ್ನು ಒಡೆಯಲು ಮನಸ್ಸಾಗಲಿಲ್ಲವೆಂದೂ ಚೀಟಿಯಲ್ಲಿತ್ತು. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳುವಷ್ಟು ಧೈರ್ಯ ನನಗಿಲ್ಲ. ಆ ಪತ್ರವನ್ನು ನಾನು ಒಂಬತ್ತು ವರ್ಷಗಳ ಹಿಂದೆಯೇ ಬರೆಯಬೇಕಿತ್ತು. ಇವತ್ತು ನಾಳೆ ಎನ್ನುತ್ತ, ಕೊನೆಗೂ ಬರೆದು ಅಂಚೆಗೆ ಹಾಕುವ ಹೊತ್ತಿಗೆ ಓದಬೇಕಾದವರೇ ಇರಲಿಲ್ಲ. ನನ್ನ ಕೆಲಸದ ಚುರುಕು ಸಾಧಾರಣವಾಗಿ ಹೀಗೆಯೇ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಬಂಟ್ವಾಳದಲ್ಲಿ ಈಗಲೂ ನಗುವವರಿದ್ದಾರೆ. ನನ್ನ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ಅದನ್ನು ಕೇಳಿದರೆ ನಗಬೇಕಾದವರು ನಗದೆ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ನಮ್ಮೂರವರು ಅವರನ್ನು ಕಲ್ಲಿನ ಸಾಹೇಬರು ಎನ್ನುತ್ತಿದ್ದರು. ಕಲ್ಲು ನೋಡಲು ಸರಕಾರ ಸಂಬಳ ಕೊಡುತ್ತದೆ ಎಂಬುದನ್ನು ನಮ್ಮ ಕಡೆಯವರು ಮೊದಲು ತಿಳಿದದ್ದು ಅವರಿಂದಲೇ.

ಅವರನ್ನು ಊರಿಗೆ ತರಿಸಿದ ಕೀರ್ತಿ ಮಾತ್ರ ಪೂರ್ತಿ ನನ್ನದು. ಆಗ ನನಗೆ ಇಪ್ಪತ್ತೆರಡು ವರ್ಷ. ಇಂಟರ್‌ಮೀಡಿಯೆಟ್‌ವರೆಗೆ ವಿಜ್ಞಾನ ಓದಿ, ಪೊಳಲಿಯಿಂದ ಸ್ವಲ್ಪ ಕೆಳಗೆ ಫಲ್ಗುಣಿ ನದಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆಯೊಂದಕ್ಕೆ ಆವೆಮಣ್ಣು ತೆಗೆಯುವ ಗದ್ದೆಯಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ದೋಣಿಗೆ ಎಷ್ಟು ಬುಟ್ಟಿ ಮಣ್ಣು ಹೋಯಿತೆಂದು ಪುಸ್ತಕದಲ್ಲಿ ಗೆರೆ ಎಳೆಯುವವನು. ನಾನು ಮಾತ್ರ ನನ್ನನ್ನು ವಿಜ್ಞಾನಿ ಎಂದೇ ತಿಳಿದುಕೊಂಡಿದ್ದೆ. ಒಂದು ದಿನ ಗುಂಡಿಯಿಂದ ಮಣ್ಣಿನ ಜೊತೆ ಕಪ್ಪು ಗಡ್ಡೆಯೊಂದು ಮೇಲೆ ಬಂತು. ಒಣಗಿಸಿ ಒಲೆಗೆ ಹಾಕಿದರೆ ಉರಿಯಿತು, ಮನೆ ತುಂಬ ಕೆಟ್ಟ ವಾಸನೆಯೂ ಹರಡಿತು. ಅದರ ಮೇಲೆ ಮರದ ಎಳೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಅಜ್ಜಿ ನೋಡಿ, ಇದು ಯಾವುದೋ ಕಾಲದಲ್ಲಿ ನೆರೆಗೆ ಹೂತುಹೋದ ಮರ ಎಂದರು. ಇಂಟರ್‌ಮೀಡಿಯೆಟ್ ಓದದವರ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಸರಕಾರಕ್ಕೆ ನಾಲ್ಕು ಪುಟದ ಅರ್ಜಿ ಬರೆದೆ. ಕಲ್ಲಿದ್ದಲು ಎಂಬ ಪದ ಬಂದಲ್ಲೆಲ್ಲ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದೆ.

ರಾಜ್ಯಗಳು ಹೊಸದಾಗಿ ಒಂದಾಗಿದ್ದ ಕಾಲ ಅದು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಹೊಸ ಸೊಸೆ ಪೆಟ್ಟಿಗೆಯಲ್ಲಿ ಏನು ತಂದಿದ್ದಾಳೆ ಎಂದು ನೋಡುವ ಕುತೂಹಲ ಸರಕಾರಕ್ಕೂ ಇತ್ತೆಂದು ಕಾಣುತ್ತದೆ. ನನ್ನ ಅರ್ಜಿಗೆ ಉತ್ತರ ಬರಲಿಲ್ಲ. ಒಂದು ಬೆಳಗ್ಗೆ ಬಸ್ಸಿನಿಂದ ಆ ಮನುಷ್ಯರೇ ಇಳಿದರು.

ಸಣಕಲು ಆಳು, ಐವತ್ತರ ಹತ್ತಿರದ ವಯಸ್ಸು, ತುಮಕೂರಿನ ಕಡೆಯವರು. ತಲೆಗೆ ನಾಲ್ಕು ಮೂಲೆಯಲ್ಲೂ ಗಂಟು ಹಾಕಿದ ಕರವಸ್ತ್ರ. ಬೂಟುಗಳು ಕಾಲಲ್ಲಿರದೆ, ಲೇಸು ಕಟ್ಟಿ ಕುತ್ತಿಗೆಯಿಂದ ತೂಗುಹಾಕಿದ್ದವು. ನಮ್ಮ ಕಡೆ ಪ್ರತಿ ಫರ್ಲಾಂಗಿಗೊಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕಾಗುತ್ತದೆಂದು ಯಾರೋ ಅವರಿಗೆ ಮೊದಲೇ ಹೇಳಿದ್ದರಂತೆ. ನಾನು ಬಿಳಿ ಪಂಚೆ ಉಟ್ಟು, ಆ ಕಪ್ಪು ಗಡ್ಡೆಯನ್ನು ವೀಳ್ಯದೆಲೆಯ ಹರಿವಾಣದಲ್ಲಿಟ್ಟುಕೊಂಡು ನಿಂತಿದ್ದೆ. ಅವರು ಅದನ್ನೆತ್ತಿ ತಿರುಗಿಸಿ ನೋಡಿದರು, ನೆಕ್ಕಿದರು, ತುದಿಯನ್ನು ಕಚ್ಚಿ ಉಗುಳಿದರು.

“ಮರ,” ಎಂದರು. ಆಮೇಲೆ ನನ್ನ ಮುಖ ನೋಡಿ, “ಆದ್ರೂ ನೋಡೋಣ. ಇಲ್ಲ ಅನ್ನೋಕೂ ಅಷ್ಟೇ ಆಳ ಅಗೀಬೇಕು ಕಣಯ್ಯ,” ಎಂದರು.

ಅಜ್ಜಿ ಹೇಳಿದ್ದನ್ನೇ ಸರಕಾರವೂ ಹೇಳಿತಲ್ಲ ಎಂಬ ಸಿಟ್ಟಿನಲ್ಲಿ ಎರಡನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ಆದರೂ ಅವರು ಉಳಿದರು. ಕಾರ್ಖಾನೆಯವರು ಮುಚ್ಚಿದ್ದ ಒಂದು ಶೆಡ್ಡನ್ನು ಬಿಟ್ಟುಕೊಟ್ಟರು. ನನ್ನನ್ನು ಅವರ ಸಹಾಯಕ್ಕೂ ತುಳು ಮಾತಾಡುವುದಕ್ಕೂ ಎರವಲು ಕೊಟ್ಟರು. ದೋಣಿಯ ಗೆರೆ ಎಳೆಯಲು ಬೇರೆಯವನು ಸಿಕ್ಕಿದನಂತೆ, ಅವನ ಲೆಕ್ಕ ನನ್ನದಕ್ಕಿಂತ ಸರಿಯಿತ್ತೆಂದೂ ಆಮೇಲೆ ತಿಳಿಯಿತು.

ಅವರ ಕೆಲಸದ ರೀತಿ ವಿಚಿತ್ರವಾಗಿತ್ತು. ಕುಳಿಯಿಂದ ಬಂದ ಮಣ್ಣನ್ನೆಲ್ಲ ಬಾಯಿಗೆ ಹಾಕುತ್ತಿದ್ದರು. ಬರೀ ಜೇಡಿಯಾದರೆ ಹಲ್ಲಿಗೆ ಬೆಣ್ಣೆಯ ಹಾಗೆ ತಾಗುತ್ತದೆ, ಒಂದು ಚೂರು ಮರಳಿದ್ದರೂ ಕರಕರ ಎನ್ನುತ್ತದೆ. ಕಣ್ಣಿಗೆ ಕಾಣದ್ದು ಹಲ್ಲಿಗೆ ತಿಳಿಯುತ್ತದೆ ಎಂದು ನನ್ನ ಬಾಯಿಗೂ ಹಾಕಿಸಿದರು. ಮೂರು ತಿಂಗಳಲ್ಲಿ ನಾನು ನಮ್ಮ ತಾಲೂಕನ್ನು ಸಾಕಷ್ಟು ತಿಂದಿದ್ದೇನೆ. ಇಷ್ಟೆಲ್ಲ ಮಣ್ಣು ತಿನ್ನುವವರು ನಮ್ಮ ಕುಚ್ಚಲಕ್ಕಿ ಅನ್ನವನ್ನು ಮಾತ್ರ ಬಾಯಲ್ಲಿಟ್ಟು, ಇದು ಇನ್ನೂ ಸರಿಯಾಗಿ ಕೊಳೆತಿಲ್ಲದ ಜಲ್ಲಿ ಎನ್ನುತ್ತಿದ್ದರು.

ಅವರ ಪುಸ್ತಕದಲ್ಲಿ ಮೂರು ಅಂಕಣಗಳಿದ್ದವು. ನೆಲದಡಿ ಎಷ್ಟು ನಿಕ್ಷೇಪ ಉಂಟೆಂದು ಸರಕಾರಕ್ಕೆ ಹೇಳುವಾಗ ಮೂರು ಬಗೆಯಾಗಿ ಹೇಳಬೇಕಂತೆ. ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ಬರೀ ಆಸೆಪಟ್ಟದ್ದು. ಮೂರನೆಯದಕ್ಕೆ ಇಲಾಖೆಯ ಭಾಷೆಯಲ್ಲಿ ಗಂಭೀರವಾದ ಹೆಸರೊಂದಿತ್ತು, ಅವರು ಆಸೆ ಎಂದೇ ಕರೆಯುತ್ತಿದ್ದರು. ಈ ಅಂಕಣಗಳನ್ನು ಅವರು ಊಟ ತಿಂಡಿಗೂ ಬಿಡುತ್ತಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಕಾಮತರ ಹೋಟೆಲಿಗೆ ಹೋದರೆ, ಕಾಮತರು ಗೋಳಿಬಜೆ ಉಂಟು ಎಂದ ತಕ್ಷಣ, “ಕಂಡದ್ದೋ, ಆಸೆಯೋ?” ಎಂದು ಕೇಳುವರು. ಕಾಮತರು ಒಳಗೆ ಹೋಗಿ ಬಾಣಲೆ ನೋಡಿ ಬಂದು, ಕಂಡದ್ದು ಎಂದ ಮೇಲೆಯೇ ಸಾಹೇಬರು ಕೂರುತ್ತಿದ್ದರು. ಬಸ್ಸು ಬರುತ್ತದೆ ಎಂದು ನಾನು ಹೇಳಿದರೂ ಇದೇ ಪ್ರಶ್ನೆ. ನಮ್ಮ ಕಡೆಯ ಬಸ್ಸು ಯಾವಾಗಲೂ ಮೂರನೆಯ ಅಂಕಣದ್ದು.

ಸುದ್ದಿ ಹಬ್ಬಿದ ಮೇಲೆ ಮೂಡಬಿದ್ರಿಯಿಂದ, ಬೆಳ್ತಂಗಡಿಯಿಂದ, ಎಲ್ಲೆಲ್ಲಿಂದಲೋ ಜನ ಕಪ್ಪಗಿರುವುದನ್ನೆಲ್ಲ ಹಿಡಿದುಕೊಂಡು ಬರತೊಡಗಿದರು. ಅಳದಂಗಡಿಯ ವೃದ್ಧೆಯೊಬ್ಬರು, ತನ್ನ ಮನೆ ಹಿಂದೆ ಕಲ್ಲಿದ್ದಲಿನ ದೊಡ್ಡ ಬಂಡೆ ಉಂಟು, ಹೊತ್ತು ತರಲು ಆಗುವುದಿಲ್ಲ ಎಂದು ಯಾರ ಕೈಯಲ್ಲೋ ಹೇಳಿಕಳಿಸಿದರು. ಬಟ್ಟೆ ಒಗೆಯುವ ಕಲ್ಲಿರಬೇಕು, ಹೋಗುವುದು ಬೇಡ ಎಂದು ನಾನು ಹೇಳಿದೆ. ಸಾಹೇಬರು ಹೊರಟೇಬಿಟ್ಟರು. ಎರಡು ಬಸ್ಸು ಬದಲಿಸಿ, ಉಳಿದದ್ದನ್ನು ನಡೆದು ಹೋದೆವು. ಅದು ಬಟ್ಟೆ ಒಗೆಯುವ ಕಲ್ಲೇ ಆಗಿತ್ತು. ನನಗೆ ಒಳಗೊಳಗೇ ಸಂತೋಷ. ಸಾಹೇಬರು ಮಂಡಿಯೂರಿ ಕೂತು, ಸುತ್ತಿಗೆಯಿಂದ ಒಂದು ಚೂರು ಹಾರಿಸಿ, ಮಸೂರದಲ್ಲಿ ನೋಡಿ, ಬೆಲ್ಲ ನೀರು ಕೊಟ್ಟ ಆ ಅಮ್ಮನಿಗೆ ಹೇಳಿದರು:

“ಅಮ್ಮಾ, ಇದು ಬಹಳ ಹಳೇ ಕಲ್ಲು. ಕಲ್ಲಿದ್ದಲು ಹುಟ್ಟೋಕೆ ಎಷ್ಟೋ ಮುಂಚೆ ಹುಟ್ಟಿದ್ದು. ಇದು ಉರಿಯೋಲ್ಲ.”

ಅಷ್ಟು ಹಿರಿಯ ಕಲ್ಲಿನ ಮೇಲೆ ಇನ್ನು ಬಟ್ಟೆ ಬಡಿಯುವುದು ಹೇಗೆಂದು ಆ ಅಮ್ಮನಿಗೆ ಚಿಂತೆಯಾಯಿತು. ಬಡೀರಿ, ಅದಕ್ಕೇನೂ ಆಗೋಲ್ಲ ಎಂದು ಸಾಹೇಬರು ಸಮಾಧಾನ ಮಾಡಿ, ಸಂಜೆ ಶೆಡ್ಡಿಗೆ ಬಂದು ಸ್ನಾನಕ್ಕೂ ಮೊದಲು ಪುಸ್ತಕ ತೆರೆದು ಬರೆದರು: ಅಳದಂಗಡಿ, ಮನೆ ಹಿಂದಿನ ಬಂಡೆ, ಕಲ್ಲಿದ್ದಲು ಇಲ್ಲ. ಒಗೆಯುವ ಕಲ್ಲನ್ನೂ ಬರೆಯಬೇಕೇ ಎಂದು ಕೇಳಿದೆ. “ಬರೀದೇ ಇದ್ರೆ ಹೋಗ್ದೇ ಇದ್ದ ಹಾಗೆ,” ಎಂದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅವರ ಪುಸ್ತಕಗಳಲ್ಲಿ ಹೆಚ್ಚಿನ ನಮೂದುಗಳು ‘ಇಲ್ಲ’ ಎಂಬುವೇ. ಅದರ ಬಗ್ಗೆ ಅವರಿಗೆ ಸ್ವಲ್ಪವೂ ಬೇಸರವಿರಲಿಲ್ಲ. ನನಗೆ ಅವರ ಪರವಾಗಿ ನಾಚಿಕೆಯಾಗುತ್ತಿತ್ತು. ಇಂಥವರ ಕೈಗೆ ಸಿಕ್ಕಿ ನನ್ನ ಕಲ್ಲಿದ್ದಲು ಏನಾಗುವುದೋ ಎಂದು ಭಯವೂ ಆಗುತ್ತಿತ್ತು.

ಈಗ ಐತಪ್ಪ ಮೇಸ್ತ್ರಿಯ ವಿಷಯ ಹೇಳಬೇಕು. ಅವರು ಬಾವಿ ತೋಡುವವರು, ಸುತ್ತಿನ ಹತ್ತೂರಲ್ಲಿ ಅವರ ಬಾವಿಗಳಿವೆ. ನೆಲಕ್ಕೆ ತಿರುಗಿಸಿ ಇಳಿಸುವ ಉದ್ದನೆಯ ಬೈರಿಗೆ ಸಾಹೇಬರ ಹತ್ತಿರವಿತ್ತು. ಐದೈದು ಅಡಿಯ ಕಬ್ಬಿಣದ ರಾಡುಗಳನ್ನು ಒಂದಕ್ಕೊಂದು ಜೋಡಿಸುತ್ತ ಇಳಿಸಬೇಕು. ಅದನ್ನು ತಿರುಗಿಸುವ ನಾಲ್ಕು ಆಳುಗಳಿಗೆ ಐತಪ್ಪನವರೇ ಮುಖ್ಯಸ್ಥರು. ಅವರಿಗೆ ಓದು ಬರಹ ಇಲ್ಲ. ನಮ್ಮ ಕಡೆ ಬಾವಿಯ ಆಳ ಹೇಳುವುದು ಕೋಲಿನಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಮಣ್ಣಿನ ಬಣ್ಣ ಬದಲಾದ ಕೂಡಲೇ ಅವರು ಕುಳಿಗೆ ತೂಕ ಕಟ್ಟಿದ ಹಗ್ಗ ಬಿಟ್ಟು, ಎತ್ತಿ, ತಮ್ಮ ಕೋಲಿನಿಂದ ಅಳೆದು ಸಂಖ್ಯೆ ಕೂಗುತ್ತಿದ್ದರು. ನಾನು ಅದನ್ನು ಎರಡೂವರೆಯಿಂದ ಗುಣಿಸಿ ಪುಸ್ತಕದಲ್ಲಿ ಅಡಿಯಾಗಿ ಬರೆಯಬೇಕು. ಅವರಿಗೆ ಅಡಿ ಕಲಿಸಿಬಿಡಿ ಎಂದು ಮೊದಲ ದಿನವೇ ನಾನು ಹೇಳಿದ್ದೆ. ಸಾಹೇಬರು, ಕೈಗೆ ಕೂತ ಅಳತೆ ತಪ್ಪೋಲ್ಲ, ಅವನಷ್ಟಕ್ಕೆ ಬಿಡು, ಗುಣಿಸೋ ಕಷ್ಟ ನಿನಗಿರಲಿ ಎಂದಿದ್ದರು.

ಮೊದಲ ಮೂರು ಕುಳಿಗಳಲ್ಲಿ ಏಳು ಕೋಲಿನ ಹತ್ತಿರ ಕಪ್ಪು ಮಣ್ಣು ಸಿಕ್ಕಿತು. ದಪ್ಪ ಅರ್ಧ ಕೋಲು, ಅಂದರೆ ಒಂದೂಕಾಲು ಅಡಿ. ಅದರಲ್ಲಿ ಅಲ್ಲಲ್ಲಿ ಕೊಳೆತ ಮರ. ಸಾಹೇಬರು ತಿಂದು ನೋಡಿ ಏನೂ ಹೇಳಲಿಲ್ಲ. ನನ್ನ ಮುಖ ನೋಡಲಾರದೆ ಸುಮ್ಮನಿದ್ದರೆಂದು ಈಗ ಅನ್ನಿಸುತ್ತದೆ.

ಆ ದಿನಗಳಲ್ಲೇ ನಾನು ಒಂದು ಬೆಳಗ್ಗೆ ಮಂಗಳೂರಿಗೆ ಹೋದೆ. ಪತ್ರಿಕೆಯವರು ಕಲ್ಲಿದ್ದಲು ಕಂಡುಹಿಡಿದ ಯುವಕನ ಭಾವಚಿತ್ರ ಬೇಕೆಂದಿದ್ದರು. ಸ್ಟುಡಿಯೋದವನು ಕೋಟು ಕೊಟ್ಟ. ಅದರ ತೋಳು ಗಿಡ್ಡ, ಆದರೆ ಚಿತ್ರದಲ್ಲಿ ಕೈ ಬರುವುದಿಲ್ಲ ಎಂದ. ನಾನು ಕೋಟು ತೊಟ್ಟು ಗಲ್ಲ ಎತ್ತಿ ಕೂತಿದ್ದ ಅದೇ ಹೊತ್ತಿನಲ್ಲಿ ಇಲ್ಲಿ ಪೊಳಲಿಯಲ್ಲಿ ಒಂದು ಸಂಗತಿ ನಡೆಯಿತು. ಸಾಹೇಬರ ಅಳತೆಯ ಟೇಪಿನ ಮೇಲಿನ ಅಂಕಿ ಓದುವುದು ಹೇಗೆಂದು ಐತಪ್ಪನವರೇ ಕೇಳಿದರಂತೆ. ಸಾಹೇಬರು ತಮ್ಮ ಹಳೆಯ ಟೇಪೊಂದನ್ನು ಅವರ ಕೈಗೆ ಕೊಟ್ಟು, ನೆಲದ ಮೇಲೆ ಕಡ್ಡಿಯಲ್ಲಿ ಅಂಕಿ ಬರೆದು, ಇಡೀ ದಿನ ಕೂತು ಕಲಿಸಿದರು. ಸಂಜೆಗೆ ಐತಪ್ಪನವರಿಗೆ ಅಡಿ ಬರುತ್ತಿತ್ತು. ಮರುದಿನವೇ ಸಾಹೇಬರಿಗೆ ಚಳಿಜ್ವರ ಬಂತು. ಮೈ ನಡುಗುತ್ತಿದ್ದವರನ್ನು ಎತ್ತಿನ ಗಾಡಿಯಲ್ಲಿ ಬಂಟ್ವಾಳದ ಆಸ್ಪತ್ರೆಗೆ ಸೇರಿಸಿದೆವು. ಆ ಗಡಿಬಿಡಿಯಲ್ಲಿ ಟೇಪಿನ ವಿಷಯ ನನಗೆ ಯಾರೂ ಹೇಳಲಿಲ್ಲ. ನನ್ನ ಭಾವಚಿತ್ರದ ವಿಷಯವನ್ನು ಮಾತ್ರ ನಾನು ಎಲ್ಲರಿಗೂ ಹೇಳಿದ್ದೆ.

ಹನ್ನೆರಡು ದಿನ ಕುಳಿಗಳ ಯಜಮಾನಿಕೆ ನನ್ನದಾಯಿತು. ನಾನು ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು, ದೂರದಲ್ಲಿ ಐತಪ್ಪನವರು ಅಳೆದು ಸಂಖ್ಯೆ ಕೂಗುವುದು. ಹದಿನೆಂಟು, ಕಪ್ಪು ಸುರು. ಇಪ್ಪತ್ತು, ಕಪ್ಪು ಮುಗಿಯಿತು. ನಾನು ಅಭ್ಯಾಸದಂತೆ ಎರಡೂವರೆಯಿಂದ ಗುಣಿಸಿದೆ. ನಲವತ್ತೈದು ಅಡಿಯಿಂದ ಐವತ್ತು ಅಡಿ. ಐದು ಅಡಿ ದಪ್ಪದ ಕಪ್ಪು ಪದರ.

ಮೊದಲು ಹದಿನೇಳು ಅಡಿಯಲ್ಲಿ ಸಿಗುತ್ತಿದ್ದದ್ದು ಈಗ ನಲವತ್ತೈದರಲ್ಲಿ ಸಿಕ್ಕಿತೇಕೆ ಎಂಬುದಕ್ಕೂ ನನ್ನಲ್ಲಿ ಉತ್ತರ ತಯಾರಿತ್ತು. ಪದರ ನದಿಯ ಕಡೆಗೆ ಇಳಿಯುತ್ತ, ಇಳಿದಂತೆ ದಪ್ಪವಾಗುತ್ತಿದೆ ಎಂದು ಬರೆದೆ. ಈ ವಾಕ್ಯವನ್ನು ಸಾಹೇಬರ ಪುಸ್ತಕವೊಂದರಲ್ಲಿ ಓದಿ, ಉಪಯೋಗಿಸಲು ಒಂದು ಅವಕಾಶಕ್ಕಾಗಿ ಬಹಳ ದಿನದಿಂದ ಕಾಯುತ್ತಿದ್ದೆ.

ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಅದು ಸುಳ್ಳಾಗುತ್ತದೆ. ಏಳನೆಯ ಕುಳಿಯ ದಿನ ನಾನು ನೀರು ಕುಡಿಯಲು ಎದ್ದು ಹೋದವನು, ಪಕ್ಕದಲ್ಲಿ ಒರಗಿಸಿಟ್ಟಿದ್ದ ರಾಡುಗಳನ್ನು ನೋಡಿದೆ. ನಾಲ್ಕು ಮಿಕ್ಕಿದ್ದವು. ಇದ್ದದ್ದೇ ಹತ್ತು, ಹಾಗಾದರೆ ಆರು ಒಳಗಿವೆ, ಆರೈದಲ ಮೂವತ್ತು ಅಡಿ. ನನ್ನ ಪುಸ್ತಕದಲ್ಲಿ ಆ ಕುಳಿ ಎಪ್ಪತ್ತೈದು ಅಡಿಯಿತ್ತು. ಐತಪ್ಪನವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಹತ್ತು ಹೆಜ್ಜೆ ದೂರದಲ್ಲಿದ್ದರು. ನಾನು ನೀರು ಕುಡಿದು ಬಂದು ಕುರ್ಚಿಯಲ್ಲಿ ಕೂತೆ. ಐದು ಅಡಿ ಎಂಬ ಸಂಖ್ಯೆ ಅಷ್ಟು ಚೆಂದವಿತ್ತು.

ಸಂಜೆ ಆಸ್ಪತ್ರೆಗೆ ಹೋಗಿ ಹೇಳಿದೆ. ಸಾಹೇಬರು ಎರಡು ಕಂಬಳಿಯೊಳಗಿದ್ದರು. ಐದು ಅಡಿ ಎಂದಾಗ ಕಣ್ಣು ತೆರೆದು, “ಕಂಡದ್ದಾ?” ಎಂದರು.

“ಕಂಡದ್ದು ಸಾರ್,” ಎಂದೆ.

ಅವರು ನಂಬಿದರು. ಜ್ವರದ ನಡುವೆಯೂ ಅವರ ಮುಖದಲ್ಲಿ ಬಂದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ಇಪ್ಪತ್ತೈದು ವರ್ಷ ಇಲ್ಲ ಎಂದು ಬರೆದ ಮನುಷ್ಯನಿಗೆ ಒಂದು ಸಲ ಉಂಟು ಎಂದು ಬರೆಯುವ ಆಸೆ ಇದ್ದಿರಲಾರದೇ? ಅದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಪ್ರತಿ ವಾರ ಬೆಂಗಳೂರಿಗೆ ಹೋಗುತ್ತಿದ್ದ ವರದಿಯನ್ನು ಆ ವಾರ ಅವರ ಪರವಾಗಿ ನಾನೇ ಕಳಿಸಿದೆ. ಪತ್ರಿಕೆಗೂ ಒಂದು ಪ್ರತಿ ಕಳಿಸಿದೆ. ಐದು ಅಡಿ ಕಲ್ಲಿದ್ದಲು ಎಂದು ಅಚ್ಚಾಯಿತು, ಪಕ್ಕದಲ್ಲಿ ಕೋಟು ತೊಟ್ಟ ನಾನು. ಬಂಟ್ವಾಳದಲ್ಲಿ ಅದರ ಮೇಲೆ ರೈಲು ಬಂತು, ಕಾರ್ಖಾನೆಗಳು ಎದ್ದವು, ಎಲ್ಲ ಕಾಮತರ ಹೋಟೆಲಿನ ಬೆಂಚಿನ ಮೇಲೆಯೇ. ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು ನೋಡಲು ಬರುತ್ತಾರೆಂದು ತಂತಿ ಬಂತು. ಊರಿನವರು ಚಪ್ಪರ ಹಾಕಿಸಿದರು. ಸ್ವಾಗತ ಭಾಷಣ ನನ್ನದು. ಕಪ್ಪು ಬಂಗಾರ ಎಂಬ ಮಾತು ಅದರಲ್ಲಿ ನಾಲ್ಕು ಕಡೆ ಬರುತ್ತಿತ್ತು.

ಅಧಿಕಾರಿಗಳು ಬರುವ ಹಿಂದಿನ ದಿನ ಸಾಹೇಬರು ಆಸ್ಪತ್ರೆಯಿಂದ ಬಂದರು. ಆಳುಗಳು ಊಟಕ್ಕೆ ಹೋಗಿದ್ದರು. ಅವರು ಶಾಲು ಹೊದ್ದು ಒಂದು ಕಲ್ಲಿನ ಮೇಲೆ ಕೂತು ನನ್ನ ಪುಸ್ತಕವನ್ನು ಪುಟ ಪುಟವಾಗಿ ಓದಿದರು. ಆಮೇಲೆ ರಾಡುಗಳನ್ನೆಲ್ಲ ತಂದು ನೆಲದ ಮೇಲೆ ಸಾಲಾಗಿ ಇಡಲು ಹೇಳಿದರು. ಇಟ್ಟೆ.

“ಎಷ್ಟಿದೆ?”

“ಹತ್ತು ಸಾರ್.”

“ಒಂದೊಂದು?”

“ಐದು ಅಡಿ.”

“ನಿನ್ನ ಏಳನೇ ಕುಳಿ ಎಪ್ಪತ್ತೈದು ಅಡಿ ಇದೆ. ಐವತ್ತಕ್ಕೆ ರಾಡು ಮುಗೀತು. ಮಿಕ್ಕ ಇಪ್ಪತ್ತೈದು ಅಡಿಗೆ ಏನಿಳಿಸಿದೆ, ನಿನ್ನ ಕೈಯಾ?”

ನಾನು ಅತ್ತೆ. ಬಹಳ ವಿಜ್ಞಾನಿಯಂತೆ ಅಳಲಿಲ್ಲ. ಟೇಪಿನ ಕತೆಯೂ, ಐತಪ್ಪನವರು ಕೂಗುತ್ತಿದ್ದದ್ದು ಕೋಲಲ್ಲ, ಅಡಿ ಎಂಬುದೂ ಆಗಲೇ ನನಗೆ ತಿಳಿದದ್ದು. ರಾಡು ನೋಡಿಯೂ ಸುಮ್ಮನಿದ್ದದ್ದನ್ನು ನಾನಾಗಿಯೇ ಹೇಳಿದೆ, ಕಂಡದ್ದು ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಅವರು ಹೇಳಿದ್ದು ಇಷ್ಟು:

“ನಾನು ನಾಳಿದ್ದು ಹೊರಟುಹೋಗೋನು. ನೀನು ಇಲ್ಲೇ ಇರೋನು. ಈ ಊರಲ್ಲಿ ನಿನಗೆ ಕೆಲಸ ಸಿಗಬೇಕು, ಹೆಣ್ಣು ಸಿಗಬೇಕು. ತಪ್ಪು ನನ್ನದು ಅಂತ ಹೇಳ್ತೀನಿ. ಕುಳಿ ನನ್ನ ಜವಾಬ್ದಾರಿ, ಅದು ಸುಳ್ಳೇನೂ ಆಗೋಲ್ಲ. ಮುಂದೆ ಒಂದಿನ ನೀನೇ ಸರಿ ಮಾಡಿ ಬರಿ. ಅವಸರ ಏನಿಲ್ಲ.”

ಬೇಡ ಸಾರ್ ಎಂದು ನಾನು ಹೇಳಿದೆ. ಒಂದೇ ಒಂದು ಸಲ ಹೇಳಿದೆ. ಅವರು ಎರಡನೆಯ ಸಲಕ್ಕೆ ಕಾಯುತ್ತಿದ್ದರೋ ಏನೋ, ನಾನು ಪರೀಕ್ಷಿಸಲು ಹೋಗಲಿಲ್ಲ.

ಮರುದಿನ ಚಪ್ಪರದಡಿ ಊರೇ ಸೇರಿತ್ತು. ನಾನು ಹೂವಿನ ಹಾರಗಳ ಹರಿವಾಣ ಹಿಡಿದು ನಿಂತಿದ್ದೆ. ಅಧಿಕಾರಿಗಳು ಕೂತ ಮೇಲೆ ಸಾಹೇಬರು ಎದ್ದರು. ಇಲ್ಲಿರುವುದು ಕಲ್ಲಿದ್ದಲಲ್ಲ, ಎರಡಡಿ ಕಪ್ಪು ಮಣ್ಣು, ಅದರಲ್ಲಿ ಸ್ವಲ್ಪ ಹಳೆಯ ಮರ, ನದಿ ಹಿಂದೆ ಹರಿದುಹೋದ ಜಾಗ ಎಂದರು. ಐದು ಅಡಿ ಎಂದು ಹೋದದ್ದು ಅಳತೆಯಲ್ಲಾದ ತಪ್ಪು, ಆ ತಪ್ಪು ತನ್ನದು, ತನ್ನಿಂದ ಊರಿನವರಿಗೆ ತೊಂದರೆಯಾಯಿತು, ಕ್ಷಮಿಸಬೇಕು ಎಂದು ಕೈಮುಗಿದರು. ದೊಡ್ಡ ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಹೇಳಿ ಜೀಪು ಹತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ನಗಲಿಲ್ಲ ಎಂಬುದಷ್ಟೇ ಆ ದಿನದ ನನ್ನ ಸಾಧನೆ.

ಅವರ ಬಡ್ತಿಯ ಕಾಗದ ಹೊರಡುವುದರಲ್ಲಿತ್ತಂತೆ, ಅದು ನಿಂತಿತು. ಎಲ್ಲೋ ಉತ್ತರದ ಒಣ ಊರಿಗೆ ವರ್ಗವಾಯಿತು. ನನಗೆ ಆದದ್ದೆಲ್ಲ ಲಾಭವೇ. ಪಾಪ, ಇಂಥ ಬುದ್ಧಿವಂತ ಹುಡುಗನ ಕಲ್ಲಿದ್ದಲನ್ನು ಘಟ್ಟದ ಮೇಲಿನ ಸಾಹೇಬ ಹಾಳುಮಾಡಿದ ಎಂದು ಊರು ಮರುಗಿತು. ಆ ಮರುಕದಲ್ಲೇ ತರಬೇತಿಗೆ ಸೀಟು ಸಿಕ್ಕಿತು, ಮೂಡಬಿದ್ರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ ಸಿಕ್ಕಿತು, ಮದುವೆಯೂ ಆಯಿತು. ನನ್ನ ಮಾವ ಆ ಪತ್ರಿಕೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ಇಟ್ಟಿದ್ದಾರೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕಲ್ಲಿನ ಸಾಹೇಬರ ಮಾತು ಬರುತ್ತಿತ್ತು. ಅಡಿ ಎಣಿಸಲು ಬಾರದ ಸಾಹೇಬ ಎಂದು ನಗುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವಸರ ಏನಿಲ್ಲ ಎಂದು ಅವರೇ ಹೇಳಿದ್ದಾರಲ್ಲ! ಹಿರಿಯರ ಮಾತನ್ನು ನಾನು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಇದೊಂದೇ ಸಲ.

ಈಗ ಆ ಚೀಟಿಯ ಕೊನೆಯ ಸಾಲು. ಅವರ ಹೆಂಡತಿ ಬರೆದಿದ್ದರು: ‘ಪೊಳಲಿಯ ಹುಡುಗನಿಂದ ಒಂದು ಕಾಗದ ಬರಬೇಕು, ಅವಸರವಿಲ್ಲ ಎಂದು ಆಗಾಗ ಅನ್ನುತ್ತಿದ್ದರು. ಆ ಹುಡುಗ ನೀವೇ ಇರಬೇಕು.’

ಅದನ್ನು ಓದಿದ ಭಾನುವಾರವೇ ಬಂಟ್ವಾಳಕ್ಕೆ ಹೋದೆ. ಕಾಮತರ ಹೋಟೆಲಿನಲ್ಲಿ ಹತ್ತು ಜನರೆದುರು ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಕೋಲು, ಅಡಿ, ರಾಡು, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು. ಹೇಳಿ ಮುಗಿಸಿದಾಗ ಕಾಮತರು ಕಣ್ಣೊರೆಸಿಕೊಂಡರು.

“ತೀರಿಹೋದವರ ತಪ್ಪನ್ನು ನಿಮ್ಮ ತಲೆ ಮೇಲೆ ಹಾಕಿಕೊಳ್ತೀರಲ್ಲ ಮಾಸ್ಟ್ರೆ,” ಎಂದರು. “ನಿಮ್ಮಂಥವರು ಈಗ ಎಲ್ಲಿದ್ದಾರೆ ಮಾರಾಯ್ರೆ?”

ಎಲ್ಲರೂ ತಲೆದೂಗಿದರು. ನಾನು ಇಲ್ಲ ಇಲ್ಲ ಎಂದಷ್ಟೂ ಅವರಿಗೆ ನನ್ನ ಮೇಲಿನ ಗೌರವ ಏರುತ್ತ ಹೋಯಿತು. ಬೇಡವೆಂದರೂ ಎರಡನೆಯ ಪ್ಲೇಟು ಗೋಳಿಬಜೆ ಬಂತು. ಒಂಬತ್ತು ವರ್ಷ ಬಾಯಿ ಮುಚ್ಚಿದ್ದಾಗ ಸಿಕ್ಕಿದ ಹೆಸರಿಗಿಂತ ಹೆಚ್ಚಿನ ಹೆಸರು ಆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಸಾಹೇಬರ ಮೇಲಿನ ನಗು ಒಂದಿಷ್ಟೂ ಕಡಿಮೆಯಾಗಲಿಲ್ಲ.

ಉಳಿದವರು ಐತಪ್ಪ ಮೇಸ್ತ್ರಿ ಒಬ್ಬರೇ. ಅವರಾದರೂ ನಂಬಿಯಾರು, ಸಾಕ್ಷಿ ಹೇಳಿಯಾರು ಎಂದು ಅಲ್ಲಿಂದಲೇ ಪೊಳಲಿಗೆ ಹೋದೆ. ಈಗ ಮುದುಕರು, ಬಾವಿಗೆ ಇಳಿಯುವುದಿಲ್ಲ, ದಂಡೆಯಲ್ಲಿ ಕೂತು ಮಕ್ಕಳಿಂದ ಮಾಡಿಸುತ್ತಾರೆ. ಅವರ ಪಕ್ಕದಲ್ಲಿ ಹಳೆಯ ಅಳತೆಕೋಲು ಒರಗಿತ್ತು. ಟೇಪು ಎಲ್ಲಿ ಎಂದು ಕೇಳಿದೆ. ಅದನ್ನು ಮುಟ್ಟುವುದಿಲ್ಲ ಎಂದರು. ಯಾಕೆಂದು ಕೇಳಿದ್ದಕ್ಕೆ ತುಳುವಿನಲ್ಲಿ ಮೆಲ್ಲನೆ ಹೇಳಿದರು. ಆ ಹನ್ನೆರಡು ದಿನ ಅಳೆದದ್ದು ತಾನೇ ಅಲ್ಲವೇ? ಅಂಕಿಯನ್ನು ತಾನು ತಪ್ಪು ಓದಿರಬೇಕು. ತನ್ನ ತಪ್ಪನ್ನು ಮುಚ್ಚುವುದಕ್ಕಾಗಿ ಸಾಹೇಬರು ಅಷ್ಟು ಜನರೆದುರು ಕೈಮುಗಿದರು. ಅಂದಿನಿಂದ ಅಂಕಿ ಕಂಡರೆ ಹೆದರಿಕೆ.

ಅವರ ಎದುರು ನೆಲದ ಮೇಲೆಯೇ ಕೂತೆ. ಒಂಬತ್ತು ವರ್ಷ ನಾನು ಸಾಹೇಬರ ಬಗ್ಗೆ ಮಾತ್ರ ಯೋಚಿಸಿದ್ದೆ, ಅದೂ ಅನುಕೂಲವಾದಾಗ. ಈ ಮನುಷ್ಯನ ನೆನಪೇ ಬಂದಿರಲಿಲ್ಲ. ಹೋಟೆಲಿನಲ್ಲಿ ಹೇಳಿದ್ದನ್ನು ಮತ್ತೆ ಹೇಳಿದೆ. ಇಲ್ಲಿ ಎದ್ದು ನಿಂತು ಹೇಳುವ ಧೈರ್ಯವಿರಲಿಲ್ಲ, ತಲೆತಗ್ಗಿಸಿ ಹೇಳಿದೆ. ಅವರು ನನ್ನನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು.

“ಹಾಗಾದ್ರೆ ನಾನು ಓದಿದ್ದು ಸರಿ ಉಂಟಾ ಮಾಸ್ಟ್ರೆ?”

“ಸರಿ ಉಂಟು,” ಎಂದೆ.

ಅವರು ಎದ್ದು ಮನೆಯ ಕಡೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ಬಟ್ಟೆಯಲ್ಲಿ ಸುತ್ತಿದ್ದ ಆ ಟೇಪನ್ನು ತಂದು, ಬಿಚ್ಚಿ, ಮೊಳಕಾಲ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಅಂಕಿ ಓದತೊಡಗಿದರು. ಹದಿನೆಂಟಕ್ಕೆ ಬಂದಾಗ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಇದನ್ನು ಎಲ್ಲಿಯಾದರೂ ಬರೆದಿದ್ದೀರಾ ಎಂದು ಕೇಳಿದರು. ಒಡೆಯದೆ ಮರಳಿದ ಆ ಪತ್ರ ಬಿಟ್ಟರೆ ಇಲ್ಲ ಎಂದೆ.

“ಬರೆಯಿರಿ ಹಾಗಾದ್ರೆ. ಬರೆಯದಿದ್ರೆ ಅಗೆಯದ ಹಾಗೆ ಅಂತ ಅವರು ಹೇಳ್ತಿದ್ರು.”

ಬರೆಯುತ್ತಿದ್ದೇನೆ. ಪೊಳಲಿ, ಏಳನೆಯ ಕುಳಿ. ಒಟ್ಟು ಆಳ ಮೂವತ್ತು ಅಡಿ. ಹದಿನೆಂಟು ಅಡಿಯಿಂದ ಇಪ್ಪತ್ತು ಅಡಿಯವರೆಗೆ ಕಪ್ಪು ಮಣ್ಣು. ಕಲ್ಲಿದ್ದಲು ಇಲ್ಲ. ಅಳೆದವರು ಐತಪ್ಪ ಮೇಸ್ತ್ರಿ, ಅಳತೆ ಸರಿ. ಕಲಿಸಿದವರು ಕಲ್ಲಿನ ಸಾಹೇಬರು, ಅವರದೂ ಸರಿ. ತಪ್ಪು ಬರೆದವನು ನಾನು. ಕಂಡದ್ದು.